ಗೋಡೆ ದಾಟಿದ ಕುಂಬಳಬಳ್ಳಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6:20

ಸಾರಿ. ಬರೆಯಬಾರದು ಅಂತಲೇ ಇದ್ದೆ. ಯಾರಿಗೆ ಸಾರಿ ಹೇಳುತ್ತಿದ್ದೇನೆ ಅಂತಲೂ ಗೊತ್ತಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ದಿನಾ ಡೈರಿ ಬರೆಸುತ್ತಿದ್ದರು. ಇಂಗ್ಲಿಷಿನಲ್ಲಿ, ಒಂದು ಪುಟ. ಶನಿವಾರ ವಾರ್ಡನ್ ಮೇಡಂ ಕೆಂಪು ಪೆನ್ನಿನಲ್ಲಿ ಸ್ಪೆಲ್ಲಿಂಗ್ ತಿದ್ದಿ ಸೈನ್ ಹಾಕೋರು. ‘ಟುಡೇ ಐ ವಾಸ್ ವೆರಿ ಹ್ಯಾಪಿ’ ಅಂತ ಶುರು ಮಾಡಿದರೆ ಸಾಕು, ಮುಂದಕ್ಕೆ ಅವರು ಓದುತ್ತಿರಲಿಲ್ಲ. ಯಾರೂ ಸೈನ್ ಹಾಕದ ಡೈರಿ ಇದೇ ಮೊದಲು. ಅದೂ ಕನ್ನಡದಲ್ಲಿ. ಅದಕ್ಕೂ ಸಾರಿ.

ರಮಜಾನಿನ ಎರಡನೇ ರೋಜಾ, ಉಪವಾಸ. ನಸುಕಿನ ಸಹರಿ ಊಟ ಆಯಿತು, ನಮಾಜ್ ಆಯಿತು. ಅಬ್ಬಾ, ಅಮ್ಮಿ ಮತ್ತೆ ಮಲಗಿದರು. ಮುತ್ಯಾ, ಅಂದರೆ ಅಜ್ಜ, ಕಟ್ಟೆಯ ಮೇಲೆ ತಸ್ಬಿ ಹಿಡಿದು ಕೂತಿದ್ದಾನೆ — ಕಣ್ಣು ಮುಚ್ಚಿದೆ, ಮಣಿ ಸರಿಯುತ್ತಿಲ್ಲ. ಅಜ್ಜಿ, ನಮ್ಮ ಆಯಿ, ಮಾತ್ರ ಹಿತ್ತಲಲ್ಲಿ, ತನ್ನ ಕುಂಬಳಬಳ್ಳಿಯ ಹತ್ತಿರ.

ಸೆಮ್ ರಜೆಗೆ ಅಗರಖೇಡಕ್ಕೆ ಬಂದು ವಾರವಾಯಿತು. ಬೆಲ್ ಇಲ್ಲ, ಟೈಮ್‌ಟೇಬಲ್ ಇಲ್ಲ. ಕೈಕಾಲು ಎಲ್ಲಿಡಬೇಕು ಅಂತ ಗೊತ್ತಾಗಲ್ಲ. ಕೆಲಸ ಕೇಳಿದರೆ ‘ಕುಂಡ್ರವಾ, ರಜಾಕ್ಕ ಬಂದೀದಿ’ ಅನ್ನುತ್ತಾರೆ. ನೆಂಟರಿಗೆ ಹೇಳಿದ ಹಾಗೆ.

ಬಳ್ಳಿಯ ಕಥೆ ಹೀಗೆ. ಅಬ್ಬಾ ಆನ್‌ಲೈನಿನಲ್ಲಿ ಬೀಜ ತರಿಸಿದ್ದರು. ಪಾಕೀಟಿನ ಮೇಲೆ ಒಂದು ಕುಂಬಳಕಾಯಿ, ಅದರ ಮೇಲೆ ಕುದುರೆ ಹತ್ತಿದ ಹಾಗೆ ಕೂತ ಬಿಳಿ ಮಗು. ಹಾಕಿದ ಬೀಜಗಳಲ್ಲಿ ಒಂದೇ ಮೊಳೆಯಿತು. ಆ ಒಂದು, ಹಠ ಹಿಡಿದು ಬೆಳೆಯಿತು. ಹಿತ್ತಲ ತುಂಬಿ, ಮೋಟು ಗೋಡೆ ಹತ್ತಿ, ಆ ಕಡೆ ಪಕ್ಕದ ಮನೆಯ ಶೆಟ್ಟೆವ್ವಾಯಿಯ ಅಂಗಳಕ್ಕೆ ಇಳಿದು — ಅಲ್ಲಿ ಹೋಗಿ ಕಾಯಿ ಕಟ್ಟಿತು. ಈಗಾಗಲೇ ಕೊಡದಷ್ಟಾಗಿದೆ.

ನನಗೆ ಗೊತ್ತಿರೋದನ್ನೇ ನನಗೆ ವಿವರಿಸಿ ಬರೆಯುತ್ತಿದ್ದೇನೆ. ಹಾಸ್ಟೆಲ್ ಚಾಳಿ.


ಮಾರ್ಚ್ 8, ಶನಿವಾರ. ಸಂಜೆ

ಆಯಿ ಹೋದಳು. ಉಮ್ರಾಕ್ಕೆ. ಸಿಂದಗಿಯಲ್ಲಿರುವ ತನ್ನ ತಮ್ಮ, ಅವನ ಹೆಂಡತಿ ಜೊತೆ. ಈದ್ ಅಲ್ಲೇ ಮುಗಿಸಿ ಬರುತ್ತಾಳೆ. ಮುತ್ಯಾನಿಗೆ ಮೊಣಕಾಲು ನೋವು, ಅವನು ಹೋಗಲಿಲ್ಲ. ಗಾಡಿ ತಿರುವು ದಾಟುವವರೆಗೂ ಕಟ್ಟೆಯಿಂದ ಏಳದೆ ಕೂತಿದ್ದ. ಆಮೇಲೆ, ‘ಇನ್ನ ಚಾದಾಗ ಸಕ್ಕರಿ ಯಾರ ಹೆಚ್ಚ ಹಾಕ್ತಾರ’ ಅಂದ. ಅಷ್ಟೇ.

ಹೋಗುವ ಮೊದಲು ಆಯಿ ನನ್ನನ್ನು ಹಿತ್ತಲಿಗೆ ಕರೆದಳು. ಮಕ್ಕಾದಿಂದ ಬಂದ ಮೇಲೆ ದಾವತ್ ಮಾಡಬೇಕಲ್ಲ — ಓಣಿಯವರೆಲ್ಲ ಬರುತ್ತಾರೆ. ಶೆಟ್ಟೆವ್ವಾಯಿಯ ಮನೆಯವರು ಮಾತ್ರ ನಮ್ಮಲ್ಲಿ ಉಣ್ಣುವುದಿಲ್ಲ. ನಮ್ಮ ಪಾತ್ರೆಯಲ್ಲಿ ಮಾಂಸ ಬೇಯುತ್ತದೆ. ಸಿಟ್ಟೇನಿಲ್ಲ, ಯಾವತ್ತಿನ ರೂಢಿ. ಪ್ರತಿ ಈದಿಗೆ ಅವರ ಪಾಲು ಬೇರೆ ಹೋಗುತ್ತದೆ: ರವೆ, ಸಕ್ಕರೆ, ತುಪ್ಪ. ಅವರೇ ಮಾಡಿಕೊಳ್ಳುತ್ತಾರೆ.

‘ಈ ಸಲ ಹಂಗಲ್ಲ’ ಅಂದಳು ಆಯಿ. ‘ಒಂದ ಕಾಯಿ. ಅರ್ಧ ನಮ್ಮ ಒಲಿ ಮ್ಯಾಲ, ಅರ್ಧ ಆಕೀ ಒಲಿ ಮ್ಯಾಲ. ಇಡೀ ಓಣಿ ಒಂದ ಕಾಯಿದು ಉಣಬೇಕು. ನಿಯತ್ ಮಾಡೇನಿ. ಅಲ್ಲಿ ಹೋಗಿ ಅದನ್ನ ಕೇಳಾಕಿ ನಾ.’

ಗೋಡೆಯಾಚೆಯಿಂದ ಶೆಟ್ಟೆವ್ವಾಯಿ ಮುಖ ಎತ್ತಿದಳು. ‘ಬುಡ ನಿಂದು, ಕಾಯಿ ನನ್ನ ಅಂಗಳದಾಗ ಐತಿ, ಹಜರಾ. ನೀ ಬರೂದ್ರಾಗ ಮಾರಿ ಬಿಡತೇನಿ ನೋಡು.’

‘ಮಾರಿ ನೋಡು. ಎತ್ತಾಕ ಮಂದಿ ಸಿಗಬೇಕಲ್ಲ ನಿನಗ.’

ಆಮೇಲೆ ನನಗೆ ತೋರಿಸಿದಳು. ಬುಡದಿಂದ ಒಂದು ಪಕ್ಕದ ಬಳ್ಳಿ ಹೊರಟು ಹಿತ್ತಲ ಬಾಗಿಲ ಕಡೆಗೇ ಬರುತ್ತಿದೆ. ಜನ ಬಂದಾಗ ಕಾಲಿಗೆ ಸಿಗುತ್ತದೆ. ಅದನ್ನು ಬಚ್ಚಲ ಕಡೆ ತಿರುಗಿಸಬೇಕು. ‘ಒಮ್ಮಿಗೇ ಅಲ್ಲ. ದಿನಾ ಈಟೀಟ.’

‘ಯಾವಾಗ ತಿರುವಲಿ?’

‘ಬಾಂಡೆ ತಿಕ್ಕಿದ ಮ್ಯಾಲ. ನಾ ಯಾವಾಗಿದ್ರೂ ಬಾಂಡೆ ತಿಕ್ಕಿ, ಆ ನೀರ ತಗೊಂಡ ಅದರ ಕಡೆ ಹೋಗಾಕಿ.’

ಪಾತ್ರೆ ತೊಳೆದ ಮೇಲೆ. ಸರಿ. ನೋಟ್ ಮಾಡಿಕೊಂಡೆ. ಈ ಮನೆಯಲ್ಲಿ ಮೊದಲ ಸಲ ಯಾರೋ ನನ್ನ ಕೈಗೆ ಏನೋ ಕೊಟ್ಟಿದ್ದಾರೆ.


ಮಾರ್ಚ್ 10, ಸೋಮವಾರ

ಇಂದು ಗೋಡೆಯ ಆ ಕಡೆ ಸುರೇಖಾ ಅಕ್ಕ ಬಂದಳು. ಶೆಟ್ಟೆವ್ವಾಯಿಯ ಸೊಸೆ, ಹೋದ ವರ್ಷ ಬಸವನ ಬಾಗೇವಾಡಿಯಿಂದ ಬಂದಾಕೆ. ‘ನಿಷಾ, ನೋಡ ಎಷ್ಟ ದೊಡ್ಡದಾಗೇತಿ’ ಅಂತ ಕಾಯಿಯ ಕಡೆ ಬೆರಳು ತೋರಿಸಿದಳು.

‘ಬೆರಳ ಮಡಚು, ಬೆರಳ ಮಡಚು’ — ಒಳಗಿಂದಲೇ ಶೆಟ್ಟೆವ್ವಾಯಿ. ‘ಎಳೀ ಕಾಯಿಗೆ ಬೆರಳ ತೋರಸ್ತಾರೇನ? ಕೊಳತ ಬೀಳತೈತಿ. ಬಾಗೇವಾಡ್ಯಾಗ ನಿಮ್ಮವ್ವ ಹೇಳಿಲ್ಲೇನ?’

ಸುರೇಖಾ ಬೆರಳು ಮಡಚಿ ಗೆಣ್ಣಿನಿಂದ ತೋರಿಸಿದಳು. ‘ನಮ್ಮ ಬಾಗೇವಾಡ್ಯಾಗ ಕುಂಬಳಕಾಯಿ ಸಂತ್ಯಾಗ ಇರತಾವ್ರಿ ಅತ್ತಿ. ಬೆರಳ ತೋರಿಸಿದ್ರ ತೂಕ ಮಾಡಿ ಕೊಡತಾರ.’

ನಕ್ಕೆ. ಬಂದ ಮೇಲೆ ಜೋರಾಗಿ ನಕ್ಕಿದ್ದು ಇದೇ ಮೊದಲು.

ಪಕ್ಕದ ಬಳ್ಳಿಯನ್ನು ಮುಟ್ಟಿ ನೋಡಿದೆ. ಬಿಗಿಯಾಗಿದೆ. ನಾಳೆ ನೋಡೋಣ.


ಮಾರ್ಚ್ 12, ಬುಧವಾರ. ಬೆಳಿಗ್ಗೆ 7

ಮುರಿದೆ.

ಸಹರಿಯ ಪಾತ್ರೆ ತೊಳೆದೆ. ನೀರು ಹಾಕಿದೆ. ಒಂದಲ್ಲ, ಮೂರು ಬಕೆಟ್. ಬಿಗಿ ಇದೆ ಅಂತ ನೆನೆಸಿದೆ. ಖಡಕ್ ರೊಟ್ಟಿಗೆ ನೀರು ಚಿಮುಕಿಸಿ ಬಟ್ಟೆ ಮುಚ್ಚಿಟ್ಟರೆ ಮೆತ್ತಗಾಗುತ್ತದಲ್ಲ, ಹಾಗೆ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಆಯಿ ಹೇಳಿದ ಹಾಗೆ ‘ಈಟ’ ತಿರುಗಿಸಿದೆ.

ಟಕ್.

ಎಳೆ ಸೌತೆಕಾಯಿ ಮುರಿದ ಹಾಗೆ. ಒಳಗೆ ಪೊಳ್ಳು. ಅಂಚಿನಿಂದ ನೀರು ಹನಿ ಹನಿ.

ಕೂತುಬಿಟ್ಟೆ. ಬ್ಯಾಂಡ್-ಏಡ್ ತಂದು ಸುತ್ತಿದೆ — ಹಾಸ್ಟೆಲ್ ಟ್ರಂಕಿನಲ್ಲಿ ಇತ್ತು. ಅದರ ಮೇಲೆ ಮಣ್ಣು ಮುಚ್ಚಿದೆ. ಕುಂಬಳಬಳ್ಳಿಗೆ ಬ್ಯಾಂಡ್-ಏಡ್. ಬರೆಯುವಾಗಲೇ ನಾಚಿಕೆಯಾಗುತ್ತಿದೆ. ದೊಡ್ಡ ಬಳ್ಳಿ, ಗೋಡೆ ಹತ್ತಿದ್ದು, ಅದು ಸರಿ ಇದೆ. ಆದರೆ ಇಷ್ಟು ಎಲೆ ಹೋದರೆ ಕಾಯಿಗೆ ಊಟ ಎಲ್ಲಿಂದ? ಕಾಯಿ ನಿಂತುಬಿಟ್ಟರೆ? ಆಯಿ ಅಲ್ಲಿ ಅದನ್ನೇ ಕೇಳುತ್ತಿದ್ದಾಳೆ.


ಮಾರ್ಚ್ 13, ಗುರುವಾರ

ಆಯಿಯ ವಾಯ್ಸ್ ಮೆಸೇಜ್. ಹಿಂದೆ ತುಂಬ ಜನರ ಸದ್ದು. ‘ನಿಷಾ... ಆರಾಮ ಅದೇನಿ. ಇಲ್ಲಿ ಮಂದಿ ಅಂದ್ರ ಮಂದಿ, ಕಾಲಿಡಾಕ ಜಾಗ ಇಲ್ಲ. ಬಳ್ಳಿ ಹೆಂಗೈತಿ?’

ರೆಕಾರ್ಡ್ ಒತ್ತಿದೆ. ಬಿಟ್ಟೆ. ಮತ್ತೆ ಒತ್ತಿದೆ. ‘ಆರಾಮೈತಿ ಆಯಿ.’

ರೋಜಾದಲ್ಲಿ ಸುಳ್ಳು. ಅದೂ ಮಕ್ಕಾಕ್ಕೆ. ಹಸಿವಿನಿಂದಲೋ ಅದರಿಂದಲೋ, ಇಡೀ ದಿನ ಬಾಯಿ ಕಹಿ.


ಮಾರ್ಚ್ 14, ಶುಕ್ರವಾರ

ಓಣಿಯಲ್ಲಿ ಹೋಳಿ ಬಣ್ಣ. ಜುಮ್ಮಾ ಬೇರೆ. ಮುತ್ಯಾ ಬಿಳಿ ಬಟ್ಟೆ ಹಾಕಿಕೊಂಡು ಮಸೀದಿಗೆ ಹೊರಟಾಗ ಹುಡುಗರು ದಾರಿ ಬಿಟ್ಟು ನಿಂತರು. ‘ಬರೂವಾಗ ಹಾಕ್ರೋ, ಹೋಗೂವಾಗ ಬ್ಯಾಡ’ ಅಂದ. ಬರುವಾಗ ನಿಜಕ್ಕೂ ಟೊಪ್ಪಿಗೆಯ ಮೇಲೆ ಒಂದು ಗುಲಾಬಿ ಮಚ್ಚೆ ಇತ್ತು.

ಒಳ್ಳೆಯದು ಅಷ್ಟೇ. ಮುರಿದ ಬಳ್ಳಿಯ ಎಲೆಗಳು ಪೂರ್ತಿ ಬಾಡಿ ನೇತಾಡುತ್ತಿವೆ. ಶೆಟ್ಟೆವ್ವಾಯಿ ಗೋಡೆಯ ಮೇಲಿಂದ ನೋಡಿದಳು. ನೋಡಿ, ಹಿಂದೆ ತಿರುಗಿ ಸುರೇಖಾಗೆ ಶುರು ಮಾಡಿದಳು. ‘ನಾ ಹೇಳಿದ್ದೆನೋ ಇಲ್ಲೋ? ನೀ ಬೆರಳ ತೋರಿಸಿದಿ, ನಾಕ ದಿನಕ್ಕ ಬಳ್ಳಿ ಒಣಗೇತಿ. ನಾಳೆ ಕಾಯಿ ಬೀಳತೈತಿ. ಹಜರಾ ಬಂದ ಮ್ಯಾಲ ಏನ ಹೇಳ್ಲಿ ನಾ?’

ಸುರೇಖಾಳ ಕೆನ್ನೆಯ ಮೇಲೆ ಹಸಿರು ಬಣ್ಣ. ನನ್ನ ಕಡೆ ನೋಡಿದಳು. ನಾನು ಮುರಿದದ್ದು ಹೇಳದೆ ಒಳಗೆ ಬಂದೆ.


ಮಾರ್ಚ್ 17, ಸೋಮವಾರ. ಮಧ್ಯಾಹ್ನ 2:40

ನಿನ್ನೆಯಿಂದ ನನಗೆ ರೋಜಾ ಇಲ್ಲ. ತಿಂಗಳಿನದು. ಮುತ್ಯಾನ ಕಣ್ಣಿಗೆ ಬೀಳದ ಹಾಗೆ ಊಟ ಮಾಡಬೇಕು. ಅಮ್ಮಿ ಮಲಗುವ ಮೊದಲು ತಟ್ಟೆ ಮುಚ್ಚಿಟ್ಟಿದ್ದಳು: ಖಡಕ್ ರೊಟ್ಟಿ. ಎಲ್ಲ ಬಿಟ್ಟು ಅದೇ. ಮುರಿದರೆ ಕಟ್ಟೆಯವರೆಗೂ ಕೇಳುತ್ತದೆ. ಅಡಿಗೆಮನೆಯ ಮೂಲೆಯಲ್ಲಿ ಕೂತು ಬೇಳೆಯಲ್ಲಿ ನೆನೆಸಿ ನೆನೆಸಿ, ಸದ್ದಿಲ್ಲದೆ ತಿಂದೆ.

ತಟ್ಟೆ ತೊಳೆದೆ. ನೀರು ಚೆಲ್ಲುವುದೇಕೆ ಅಂತ ಬಳ್ಳಿಯ ಹತ್ತಿರ ಒಯ್ದೆ. ಬಿಸಿಲು ಅಂದರೆ ಬಿಸಿಲು. ದೊಡ್ಡ ಬಳ್ಳಿಯ ಎಲೆಗಳೂ ಜೋತುಬಿದ್ದಿದ್ದವು. ಇದೂ ಸತ್ತಿತು ಅಂದುಕೊಂಡೆ. ಹಿಡಿದೆ.

ಮೆತ್ತಗಿತ್ತು. ಒದ್ದೆ ಹಗ್ಗದ ಹಾಗೆ. ಬಾಗಿಸಿದರೆ ಬಾಗುತ್ತಿದೆ. ಬಿಟ್ಟರೆ ನಿಧಾನ ವಾಪಸ್ ಬರುತ್ತಿದೆ.

ತಟ್ಟೆ ಕೈಯಲ್ಲಿ ಹಿಡಿದು ಬಿಸಿಲಲ್ಲೇ ನಿಂತೆ. ಬಾಟನಿ ಪ್ರ್ಯಾಕ್ಟಿಕಲ್. ಟರ್ಜಿಡ್ ಅಂದರೆ ಬಿಗಿ, ಫ್ಲ್ಯಾಸಿಡ್ ಅಂದರೆ ಮೆತ್ತಗೆ. ಬಾಯಿಪಾಠ ಮಾಡಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ರಾತ್ರಿಯೆಲ್ಲ ನೀರು ಕುಡಿದು ಕೋಶ ತುಂಬಿರುತ್ತದೆ, ಬೆಳಿಗ್ಗೆ ಬಳ್ಳಿ ಗಾಳಿ ತುಂಬಿದ ಟ್ಯೂಬಿನ ಹಾಗೆ ಬಿಗಿ. ನಾನು ಅದರ ಮೇಲೆ ಇನ್ನೂ ಮೂರು ಬಕೆಟ್ ಹಾಕಿ ಮುರಿದೆ. ರೊಟ್ಟಿ ನೀರು ಕುಡಿದರೆ ಮೆತ್ತಗೆ. ಬಳ್ಳಿ ನೀರು ಕುಡಿದರೆ ಖಡಕ್. ಪೂರ್ತಿ ಉಲ್ಟಾ.

ಆಮೇಲೆ ಎರಡನೆಯದು ಹೊಳೆಯಿತು. ಬಾಂಡೆ ತಿಕ್ಕಿದ ಮ್ಯಾಲ. ಆಯಿ ಹೇಳಿದ ಬಾಂಡೆ ಮಧ್ಯಾಹ್ನದ ಊಟದ್ದು. ವರ್ಷವಿಡೀ ಮಧ್ಯಾಹ್ನ ಊಟ, ಮಧ್ಯಾಹ್ನ ಬಾಂಡೆ. ರಮಜಾನಿನಲ್ಲಿ ಮಧ್ಯಾಹ್ನ ಒಂದು ಲೋಟವೂ ಒದ್ದೆಯಾಗುವುದಿಲ್ಲ. ಹೇಳುವಾಗ ಅವಳಿಗೂ ಹೊಳೆಯಲಿಲ್ಲ, ಕೇಳುವಾಗ ನನಗೂ. ನಾನು ಹೇಳಿದ್ದನ್ನೇ ಮಾಡಿದ್ದೆ. ಸಹರಿ ಬಾಂಡೆ ತಿಕ್ಕಿ, ನಸುಕಿನಲ್ಲಿ.

ತಪ್ಪು ನನ್ನದೇ. ಆದರೆ ನನಗೆ ತಲೆ ಇಲ್ಲ ಅಂತಲ್ಲ. ತಪ್ಪು ಮಾಡುವುದಕ್ಕೂ ದಡ್ಡಿ ಆಗುವುದಕ್ಕೂ ನಡುವೆ ಇಷ್ಟು ಗಾಳಿ ಇದೆ ಅಂತ ಗೊತ್ತಿರಲಿಲ್ಲ. ಇವತ್ತು ಉಸಿರಾಡಿದೆ.


ಮಾರ್ಚ್ 18, ಮಂಗಳವಾರ

ಗೋಡೆಯ ಹತ್ತಿರ ಹೋಗಿ ಹೇಳಿಬಿಟ್ಟೆ. ‘ಶೆಟ್ಟೆವ್ವಾಯಿ, ಬಳ್ಳಿ ನಾ ಮುರದೇನಿ. ಬೆರಳಿಂದ ಅಲ್ಲ.’

ಅವಳು ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು. ‘ನೀ ಮುರದಿ? ಮತ್ತ ಆವತ್ತ ಬಾಯಾಗ ಏನ ಇಟಗೊಂಡಿದ್ದಿ? ನಾ ಇಕೀಗೆ ಹೋಳಿಯಿಂದ ಬೈಯಾಕತ್ತೇನಿ.’

‘ಇರಲಿ ಬಿಡ್ರಿ ಅತ್ತಿ’ ಅಂದಳು ಸುರೇಖಾ. ‘ಬೈದದ್ದು ಜಮಾ ಇಟಗೋರಿ. ಮುಂದ ನಾ ಏನರ ಮಾಡಿದಾಗ ಅದರಾಗ ಮುರಕೋರಿ.’

ಶೆಟ್ಟೆವ್ವಾಯಿ ನಗು ತಡೆದಳು, ಮೊರ ಎತ್ತಿಕೊಂಡಳು. ‘ಆದ್ರೂ ಬೆರಳ ತೋರಸಬಾರದು’ ಅಂದಳು.

ಆಮೇಲೆ ಸುರೇಖಾ ಒಬ್ಬಳೇ ಬಂದು ಕೇಳಿದಳು, ಹಸ್ತಿದ್ದಿ ಏನ, ಮಾರಿ ಸಣ್ಣಾಗೇತಿ ಅಂತ. ನನ್ನ ಮೇಲೆ ಸಿಟ್ಟಿಲ್ಲವಾ ಅಂದೆ. ‘ನೀ ಮುರದದ್ದ ನನಗ ಗೊತ್ತಿತ್ತು. ಮಣ್ಣಾಗಿಂದ ಬ್ಯಾಂಡ್-ಏಡ್ ಹೊರಗ ಬಂದಿತ್ತು. ನೀನ ಹೇಳತೀ ಅಂತ ಕಾಯಾಕತ್ತಿದ್ದೆ.’


ಮಾರ್ಚ್ 24, ಸೋಮವಾರ. ಸಂಜೆ 5

ಐದು ದಿನ ಬರೆಯಲಿಲ್ಲ. ಬರೆಯೋಕೆ ಚಿಂತೆ ಇರಲಿಲ್ಲ. ಕಾಯಿ ನಿಂತಿಲ್ಲ, ಬೆಳೆಯುತ್ತಲೇ ಇದೆ. ಎಲೆ ಹೋದರೂ ಅದಕ್ಕೆ ಲೆಕ್ಕವೇ ಇಲ್ಲ. ಈಗ ಅದರ ಮೇಲೆ ಪಾಕೀಟಿನ ಮಗು ಕೂರಬಹುದು.

ಆದರೆ ಇವತ್ತು ಸುರೇಖಾ ಕರೆದಳು. ‘ಇಲ್ಲಿ ಬಂದ ನೋಡ ನಿಷಾ.’ ಸುತ್ತು ಹಾಕಿ ಅವರ ಅಂಗಳಕ್ಕೆ ಹೋದೆ.

ಗೋಡೆಯ ತುದಿಯಿಂದ ಕಾಯಿಯವರೆಗೆ ಬಳ್ಳಿ ಬಟ್ಟೆ ಒಣಹಾಕುವ ತಂತಿಯ ಹಾಗೆ ಎಳೆದು ನಿಂತಿದೆ. ಕಾಯಿ ದಪ್ಪವಾದ ಹಾಗೆ ತನ್ನ ಹೆಗಲಿನಿಂದ ಬಳ್ಳಿಯನ್ನು ತಾನೇ ಮೇಲಕ್ಕೆ ನೂಕುತ್ತಿದೆ. ಬಳ್ಳಿಗೆ ಬರೋಕೆ ಜಾಗವಿಲ್ಲ. ಗೋಡೆಯ ಮೇಲೆ ಅದು ಜಾರಬಾರದು ಅಂತ ಮುತ್ಯಾ ಎಂದೋ ಕಲ್ಲು ಹೇರಿ ಮಣ್ಣು ಮೆತ್ತಿದ್ದಾನೆ. ಅಲ್ಲೇ ಗೆಣ್ಣಿನಿಂದ ಬೇರು ಬಿಟ್ಟು ಗೋಡೆಯನ್ನು ಕಚ್ಚಿ ಹಿಡಿದಿದೆ. ತೊಟ್ಟಿನ ಹತ್ತಿರ ಒಂದು ಸಣ್ಣ ಬಿರುಕು, ಅದರಲ್ಲಿ ಅಂಟಿನ ಹನಿ.

ತೊಟ್ಟು ಕಿತ್ತರೆ ಮುಗಿಯಿತು. ಇದು ಪಕ್ಕದ ಬಳ್ಳಿ ಅಲ್ಲ.

ಶೆಟ್ಟೆವ್ವಾಯಿ ಬಿರುಕಿಗೆ ಅರಿಷಿಣ ಹಚ್ಚಿದಳು. ಮುತ್ಯಾ, ‘ಮುಟ್ಟಬ್ಯಾಡ್ರಿ, ಅದರ ನಸೀಬ’ ಅಂದ. ನಾನು ಹೇಳಿದೆ, ಕಲ್ಲು ತೆಗೆದು ನಮ್ಮ ಕಡೆಯಿಂದ ಬಳ್ಳಿಯನ್ನು ಒಂದು ಗೇಣು ಆ ಕಡೆ ಬಿಟ್ಟುಕೊಡಬೇಕು ಅಂತ. ಹೇಳಿದ ಮೇಲೆ ಎಲ್ಲರೂ ನನ್ನನ್ನೇ ನೋಡಿದರು. ಬಳ್ಳಿ ಮುರಿದವಳು ಹೇಳುತ್ತಿದ್ದಾಳೆ.

ಆಯಿಗೆ ಕೇಳಲೇ? ಟೈಪ್ ಮಾಡಿ ಅಳಿಸಿದೆ. ಅವಳು ಮದೀನಾದಲ್ಲಿ. ಅಲ್ಲಿಂದ ಅವಳೇನು ಮಾಡಿಯಾಳು, ನಮಾಜಿನಲ್ಲೂ ಇದೇ ನೆನಪಾಗುತ್ತದೆ. ಬಿಟ್ಟರೆ ಕಿತ್ತುಹೋಗಬಹುದು. ಮುಟ್ಟಿದರೆ ನಾನೇ ಕಿತ್ತ ಹಾಗೆ.


ಮಾರ್ಚ್ 26, ಬುಧವಾರ. ಸಂಜೆ, ಇಫ್ತಾರಿಗೆ ಮೊದಲು

ಎಲ್ಲ ಇವತ್ತೇ ಬರೆಯಬೇಕು.

ಬೆಳಿಗ್ಗೆ ನೀರು ಹಾಕಲಿಲ್ಲ. ಇಷ್ಟು ಬಿಸಿಲಿದ್ದರೂ ಹಾಕಬೇಡಿ ಅಂತ ನಾನೇ ಹೇಳಿದ್ದು, ಹೇಳಿ ಹತ್ತು ಸಲ ಹಿತ್ತಲಿಗೆ ಹೋಗಿ ಬಂದೆ. ರೋಜಾ ಮತ್ತೆ ಶುರುವಾಗಿದೆ, ನನಗೂ ನೀರಿಲ್ಲ, ಬಳ್ಳಿಗೂ ಇಲ್ಲ. ಮೂರು ಗಂಟೆಗೆ ಎಲೆಗಳೆಲ್ಲ ಕೊಡೆ ಮಡಚಿದ ಹಾಗೆ ಇಳಿಬಿದ್ದಿದ್ದವು. ಬಳ್ಳಿ ಹಿಡಿದು ನೋಡಿದೆ. ಹಗ್ಗ.

ಮುತ್ಯಾ ಬೇಡ ಬೇಡ ಅನ್ನುತ್ತಲೇ ಕಟ್ಟೆಯಿಂದ ಎದ್ದು ಬಂದ. ಅವನು ಹೇರಿದ ಕಲ್ಲು ಅವನೇ ಇಳಿಸಿದ. ಗೋಡೆಯ ಈ ಕಡೆ ನಾನು, ಆ ಕಡೆ ಸುರೇಖಾ. ಶೆಟ್ಟೆವ್ವಾಯಿ ಕಾಯಿಯ ಪಕ್ಕ ನಿಂತು ಮಡಚಿದ ಬೆರಳಿನಿಂದ ಹುಕುಂ ಕೊಡುತ್ತಿದ್ದಳು. ‘ಈ ಕಡೆ. ಅಲ್ಲಲ್ಲ. ಈ ಕಡೆ ಅಂದ್ರ ನನ್ನ ಕಡೆ.’

ಮೊದಲು ಸಲೀಸಾಗಿ ಬಂತು. ಆಮೇಲೆ ಗೆಣ್ಣು ಸಿಕ್ಕಿಕೊಂಡಿತು, ಬೇರು ಬಿಡಲೊಲ್ಲದು. ಸ್ವಲ್ಪ ಒತ್ತಿದೆ. ಬೆರಳಿನ ಕೆಳಗೆ ಏನೋ ಸಣ್ಣಗೆ ಬಿಗಿಯಿತು. ಅದೇ. ಆವತ್ತು ಟಕ್ ಅನ್ನುವ ಮೊದಲು ಹೀಗೇ ಬಿಗಿದಿತ್ತು.

ನಿಲ್ಲಿಸಿದೆ. ‘ಯಾರೂ ಅಲುಗಬ್ಯಾಡ್ರಿ.’

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮುತ್ಯಾ ಕೂಡ ಅಲುಗಲಿಲ್ಲ.

ಚಮಚ ತರಿಸಿ, ಗೆಣ್ಣಿನ ಕೆಳಗಿನ ಮಣ್ಣನ್ನು ಕೆರೆದೆ. ಹಲ್ಲಿನ ಸಂದಿಯಿಂದ ತೆಗೆದ ಹಾಗೆ, ಸ್ವಲ್ಪ ಸ್ವಲ್ಪ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸೋಕೆ ಕೈ ಖಾಲಿ ಇಲ್ಲ. ಸಣ್ಣ ಬೇರುಗಳು ಒಂದೊಂದಾಗಿ ಬಿಟ್ಟವು. ಮತ್ತೆ ಒತ್ತಿದೆ. ಈ ಸಲ ಬಿಗಿಯಲಿಲ್ಲ. ಬಳ್ಳಿ ಗೋಡೆಯ ಮೇಲಿಂದ ಹಾವು ಸರಿದ ಹಾಗೆ ಮೆಲ್ಲಗೆ ಆ ಕಡೆ ಹೋಯಿತು.

‘ಬಂತ, ಬಂತ’ ಅಂದಳು ಸುರೇಖಾ. ‘ಸಡಲಾತ ನಿಷಾ. ತೊಟ್ಟ ಇಳದು ಕುಂತತ ನೋಡ.’

ಅಲ್ಲೇ ಗೋಡೆಗೆ ಒರಗಿ ಕೂತೆ. ಶೆಟ್ಟೆವ್ವಾಯಿ ತಂಬಿಗೆ ನೀರು ಹಿಡಿದು ಸುತ್ತು ಹಾಕಿ ಓಡಿ ಬಂದಳು, ಬಾಯಿಯವರೆಗೂ ತಂದಳು, ಅಲ್ಲಿ ನಿಂತಳು. ‘ಅಯ್ಯ, ನಿನ್ನ ರೋಜಾ ಒಂದ.’ ಒಂದು ಕ್ಷಣ ಯೋಚಿಸಿ ತಂಬಿಗೆಯನ್ನು ನನ್ನ ತಲೆಯ ಮೇಲೆ ಸುರಿದಳು.

ಮುತ್ಯಾ ಹೇಳಿದ, ‘ಬಳ್ಳಿಗೂ ಈಟ ಹಾಕವಾ, ಅದೂ ಉಪಾಸ ಐತಿ.’ ಸಂಜೆಗೆ ಎಲೆಗಳು ಎದ್ದು ನಿಂತವು.


ಮಾರ್ಚ್ 30, ಭಾನುವಾರ

ಯುಗಾದಿ. ಸುರೇಖಾ ಗೋಡೆಯ ಮೇಲಿಂದ ಬೇವಿನ ಪಾನಕದ ತಂಬಿಗೆ ಕೊಟ್ಟಳು. ಸಂಜೆವರೆಗೆ ಮುಚ್ಚಿಟ್ಟು, ಖರ್ಜೂರದ ಜೊತೆ ಅದರಲ್ಲೇ ರೋಜಾ ಬಿಟ್ಟೆವು. ಮುತ್ಯಾ ಎರಡು ಲೋಟ ಕುಡಿದ. ಆಮೇಲೆ ಮಸೀದಿಯಿಂದ ಕೂಗಿದರು. ಚಂದ್ರ ಕಂಡಿತು. ನಾಳೆ ಈದ್.

ಬಿರುಕು ಒಣಗಿದೆ. ಬಳ್ಳಿ ಸಡಿಲ. ಹಬ್ಬಕ್ಕೆ ನನಗೆ ಇನ್ನೇನೂ ಬೇಡ.


ಏಪ್ರಿಲ್ 2, ಬುಧವಾರ. ಬಸ್ಸಿನಲ್ಲಿ

ಕಾಲೇಜು ಶುರು. ಆಯಿ ಬರುವುದು ಶನಿವಾರ. ಮೂರ್ನಾಲ್ಕು ದಿನ ಲೇಟಾಗಿ ಹೋಗುತ್ತೇನೆ ಅಂದೆ, ಅಬ್ಬಾ ಒಪ್ಪಲಿಲ್ಲ. ದಾವತಿಗೂ ಇರುವುದಿಲ್ಲ.

ಹೊರಡುವಾಗ ಹಿತ್ತಲಿಗೆ ಹೋದೆ. ಮುರಿದ ಜಾಗದ ಕೆಳಗಿನ ಗೆಣ್ಣಿನಿಂದ ಹೊಸ ಕುಡಿ ಹೊರಟಿದೆ. ಬ್ಯಾಂಡ್-ಏಡ್ ಅಲ್ಲೇ ಇತ್ತು. ತೆಗೆದು ಬಿಸಾಕಿದೆ.

ಇಂಡಿ ದಾಟಿತು. ಅಕ್ಷರ ಕುಣಿಯುತ್ತಿದೆ. ಸಾಕು.


ಏಪ್ರಿಲ್ 6, ಭಾನುವಾರ. ಮುದ್ದೇಬಿಹಾಳ, ಹಾಸ್ಟೆಲ್

ಆಯಿಯ ಫೋನ್. ದನಿ ಕೂತುಹೋಗಿದೆ, ಆದರೆ ಖುಷಿ. ಎಲ್ಲ ಹೇಳಿದೆ. ಮುರಿದದ್ದು, ಮಕ್ಕಾಕ್ಕೆ ಸುಳ್ಳು ಕಳಿಸಿದ್ದು. ಸ್ವಲ್ಪ ಅತ್ತುಬಿಟ್ಟೆ.

‘ಹುಚ್ಚಿ’ ಅಂದಳು. ‘ಪ್ರತಿ ವರ್ಷ ಒಂದಿಲ್ಲೊಂದು ಮುರೀತೈತಿ. ನಿನ್ನ ದನಿ ಕೇಳಿದಾಗನ ಗೊತ್ತಾಗಿತ್ತು ನನಗ, ಏನೋ ಮುರದಾಳ ಅಂತ. ಕಾಲ ಮುರಕೊಂಡಿ ಏನ ಅಂತ ಅಂಜಿದ್ದೆ. ಬಳ್ಳಿ ಅಂದ್ರ ಬಳ್ಳಿ.’

ಆಮೇಲೆ ಕೇಳಿದೆ, ಮಧ್ಯಾಹ್ನ ಬಳ್ಳಿ ಮೆತ್ತಗಿರುತ್ತೆ ಅಂತ ನಿನಗೆ ಗೊತ್ತಿತ್ತಲ್ಲವಾ, ಅದಕ್ಕೇ ಬಾಂಡೆ ತಿಕ್ಕಿದ ಮೇಲೆ ಅಂದೆಯಲ್ಲವಾ.

‘ನನಗೇನ ಗೊತ್ತ ಅದು? ಆವಾಗ ಪುರಸೊತ್ತ ಇರತಿತ್ತು.’

ನಗು ಬಂದು ಫೋನ್ ಕೆಳಗಿಟ್ಟೆ. ರೂಮ್‌ಮೇಟ್ ಕೇಳಿದಳು, ಅಳ್ತಿದ್ದಿ, ನಗ್ತಿದ್ದಿ, ಯಾರ ಫೋನು. ಬಾಟನಿ ಅಂದೆ.


ಏಪ್ರಿಲ್ 11, ಶುಕ್ರವಾರ. ಸಂಜೆ

ದಾವತ್ ಆಯಿತು. ಸುರೇಖಾ ವಿಡಿಯೋ ಕಾಲ್ ಹಚ್ಚಿದಳು. ನೆಟ್‌ವರ್ಕ್ ಹೋಗಿ ಬಂದು, ಹೋಗಿ ಬಂದು, ಅಂತೂ ನೋಡಿದೆ.

ನಾಲ್ಕು ಜನ ಗಂಡಸರು ಗೋಣಿಚೀಲದಲ್ಲಿ ಕಾಯಿ ಎತ್ತಿ ಗೋಡೆಯ ಮೇಲಿಟ್ಟರು. ನಮ್ಮ ಮನೆಯಲ್ಲೂ ಅವರ ಮನೆಯಲ್ಲೂ ಇಡೀ ಕುಂಬಳಕಾಯಿಗೆ ಮೊದಲ ಏಟು ಹೆಣ್ಣುಮಕ್ಕಳು ಹಾಕುವುದಿಲ್ಲ. ಮುತ್ಯಾ ಕೊಡಲಿ ಹಿಡಿದ. ಹೊಡೆದ. ಕೊಡಲಿ ಸಿಕ್ಕಿಕೊಂಡಿತು.

‘ಸಾಬ, ತಸ್ಬಿ ಹಿಡದ ಕೈ ಅದು, ಕೊಡ್ಲಿ ಕೇಳವಲ್ದು’ ಅಂದಳು ಶೆಟ್ಟೆವ್ವಾಯಿ. ಓಣಿಯೆಲ್ಲ ನಕ್ಕಿತು. ಎರಡನೇ ಏಟಿಗೆ ಕಾಯಿ ಒಡೆದು, ಒಂದು ಹೋಳು ಈ ಕಡೆ, ಒಂದು ಹೋಳು ಆ ಕಡೆ. ಒಳಗೆ ಇಷ್ಟು ಕೇಸರಿ ಇರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಎರಡು ಒಲೆ, ಎರಡು ಹೊಗೆ. ನಮ್ಮ ಕಡೆ ಪಲ್ಯ, ಅವರ ಕಡೆ ಬೆಲ್ಲ ಹಾಕಿ ಕರಿದ ಗಾರಿಗೆ. ಶೆಟ್ಟೆವ್ವಾಯಿ ತನ್ನ ಕಡೆ ಎಲೆ ಹಾಕಿಕೊಂಡು ಕೂತಳು. ಆಯಿ ಗೋಡೆಯ ಈ ಕಡೆ. ಇಬ್ಬರೂ ಗೋಡೆಯ ಮೇಲಿಂದ ಬೈದಾಡುತ್ತ ಉಂಡರು. ಉಪ್ಪು ಕಡಿಮೆ, ಬೆಲ್ಲ ಜಾಸ್ತಿ ಅಂತ. ಆಯಿ ತುತ್ತು ಬಾಯಿಗಿಡುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿದ್ದು ಕಂಡಿತು. ಸ್ಕ್ರೀನ್ ಅಲ್ಲೇ ನಿಂತುಹೋಯಿತು, ಅವಳ ಕಣ್ಣು ಮುಚ್ಚಿದ ಹಾಗೇ. ನಾನೂ ಕಟ್ ಮಾಡದೆ ನೋಡುತ್ತ ಕೂತೆ.


ಏಪ್ರಿಲ್ 13, ಭಾನುವಾರ

ಇಂಡಿಯಿಂದ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ ಡಬ್ಬಿ ಬಂತು. ಸ್ಟ್ಯಾಂಡಿಗೆ ಹೋಗಿ ತಂದೆ. ಗಾರಿಗೆ. ಎರಡು ದಿನವಾದರೂ ಮೆತ್ತಗೇ ಇವೆ. ತಳದಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಒಣಗಿಸಿದ ಬೀಜ.

ರೂಮಿನವರಿಗೆಲ್ಲ ಕೊಟ್ಟೆ. ಆ ಒಂದೇ ಕಾಯಿಯದು.


ಏಪ್ರಿಲ್ 16, ಬುಧವಾರ. ಮಧ್ಯಾಹ್ನ 1:10, ಲ್ಯಾಬ್ ಹೊರಗೆ

ಪ್ರ್ಯಾಕ್ಟಿಕಲ್ ಮುಗಿದ ಮೇಲೆ ಫೋನ್ ನೋಡಿದೆ. ಆಯಿಯ ವಾಯ್ಸ್ ಮೆಸೇಜ್, ಈಗಷ್ಟೇ ಬಂದದ್ದು.

‘ನಿಷಾ, ನೀ ಮುರದಲ್ಲಿಂದ ಬಂದ ಹೊಸಾ ಬಳ್ಳಿ ಐತೆಲ್ಲ, ಅದರಾಗ ಒಂದ ಎಳೀ ಕಾಯಿ ಹಿಡದೈತಿ. ಅದನ್ನೂ ಶೆಟ್ಟೆವ್ವನ ಕಡೆ ದಾಟಸಬೇಕಂತ ಮಾಡೇನಿ. ಬಾಂಡೆ ತಿಕ್ಕಿ ಬಂದ ನಿಂತೇನಿ, ಸುರೇಖಾ ಆ ಕಡೆ ನಿಂತಾಳ. ಹೊತ್ತಂತೂ ಮಧ್ಯಾಹ್ನನ ಐತಿ. ಆದ್ರ ಹಿಡದರ ಖಡಕ್ ಅನಸಾಕತ್ತೇತಿ. ತಿರುವಲ್ಯೋ ಬ್ಯಾಡೋ?’

ಎರಡು ಸಲ ಕೇಳಿದೆ. ಆಯಿ ನನ್ನನ್ನು ಕೇಳುತ್ತಿದ್ದಾಳೆ.

ಮಧ್ಯಾಹ್ನ. ಆದರೂ ಖಡಕ್. ಇಲ್ಲಿ ಮುದ್ದೇಬಿಹಾಳದಲ್ಲಿ ರಾತ್ರಿ ಗುಡುಗಿತ್ತು, ಆಕಾಶ ಇನ್ನೂ ಬಿಟ್ಟಿಲ್ಲ... ಅಲ್ಲೂ ಹಾಗೇ ಇದ್ದರೆ ಬಳ್ಳಿ ಇನ್ನೂ ನೀರು ತುಂಬಿಕೊಂಡೇ ಇರುತ್ತದೆ.

ರೆಕಾರ್ಡ್ ಒತ್ತಿದೆ. ಈ ಸಲ ಬಿಡಲಿಲ್ಲ. ಹೇಳಿದ್ದು ಇಷ್ಟು: ‘ಆಯಿ, ಮುಟ್ಟಬ್ಯಾಡ, ಕೈ ತಗಿ. ನಿನ್ನಿ ರಾತ್ರಿ ಅಲ್ಲಿ ಮಳಿ ಬಂದಿತ್ತೇನ? ಈಗ ಮೋಡ ಮುಸುಕೇತೇನ? ಅದೊಂದ ಹೇಳು. ಲಗೂನ ಹೇಳು.’